ಲಿವರ್ ಆಪರೇಷನ್ ಆದ ಮೇಲೆ ಸೋಂಕಾದರೆ ಅದು ಮತ್ತೆ ಬೆಳೆಯುತ್ತಾ?

ಗಡ್ಡೆಗಾಗಿ ಅಣ್ಣನ ಲಿವರಿನಲ್ಲಿ ಅರ್ಧಕ್ಕಿಂತ ಜಾಸ್ತಿ ತೆಗೆದಿದ್ದಾರೆ, ಆರನೇ ದಿನ ಜ್ವರ ಬಂತು, ಕಣ್ಣು ಹಳದಿಯಾಯಿತು, ಒಳಗೆ ಸೋಂಕು ಅಂತಾರೆ, ಇನ್ನು ಲಿವರ್ ಬೆಳೆಯೋದೇ ಇಲ್ವಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಲಿವರ್ ಐಸಿಯುನಲ್ಲಿ ನರ್ಸ್. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಸೋಂಕು ಹತೋಟಿಗೆ ಬಂದರೆ ಸಾಮಾನ್ಯವಾಗಿ ಬೆಳೆಯುತ್ತದೆ. ಅಲ್ಲಿಯವರೆಗೆ ಕುಂಟುತ್ತದೆ.

ಕತ್ತರಿಸಿದ ತುಂಡು ಮತ್ತೆ ಚಿಗುರುವುದಿಲ್ಲ, ಉಳಿದ ಭಾಗವೇ ದೊಡ್ಡದಾಗುತ್ತದೆ. ಇದರಲ್ಲಿ ಒಂದು ತಮಾಷೆ ಇದೆ. ಕರುಳಿನಿಂದ ಲಿವರಿಗೆ ಬರುವ ರಕ್ತದಲ್ಲಿ ಬ್ಯಾಕ್ಟೀರಿಯಾದ ಚೂರುಪಾರು ಇದ್ದೇ ಇರುತ್ತದೆ. ಲಿವರಿನೊಳಗೆ ಕಾವಲಿರುವ ಕುಪ್ಫರ್ ಕೋಶಗಳು ಅದನ್ನು ಹಿಡಿದು ಟಿಎನ್‌ಎಫ್, ಐಎಲ್-6 ಅನ್ನುವ ವಸ್ತುಗಳನ್ನು ಬಿಡುತ್ತವೆ. ಲಿವರ್ ಕೋಶಗಳಿಗೆ ಅದೇ 'ಎದ್ದೇಳಿ, ಕೆಲಸ ಇದೆ' ಅನ್ನುವ ಕರೆ. ಸೋಂಕು ಜೋರಾದಾಗ ಈ ಕರೆಯೇ ಕಿರುಚಾಟವಾಗುತ್ತದೆ. ಬೆಳೆಯಬೇಕಿದ್ದ ಕೋಶಗಳು ಅದನ್ನು ಬಿಟ್ಟು ಸಿಆರ್‌ಪಿಯಂಥ ತುರ್ತು ಪ್ರೋಟೀನ್ ಮಾಡೋಕೆ ಕೂರುತ್ತವೆ. ಪಿತ್ತವನ್ನು ಹೊರಗೆ ತಳ್ಳುವ ಕೆಲಸವೂ ನಿಧಾನವಾಗುತ್ತದೆ. ಮೇಲಾಗಿ, ತೆಗೆದ ತುಂಡಿನ ಜೊತೆ ಕಾವಲುಗಾರರೂ ಹೋಗಿರುತ್ತಾರೆ, ಅಲ್ವಾ? ಹಾಗಾಗಿ ಸೋಂಕು ಬೇಗ ಬಗ್ಗುವುದಿಲ್ಲ.

ಅದಕ್ಕೇ ಕಣ್ಣು ಹಳದಿಯಾದ ಮಾತ್ರಕ್ಕೆ ಲಿವರ್ ಕೈಕೊಟ್ಟಿತು ಅಂದುಕೊಳ್ಳಬೇಡಿ. ಬರೀ ನಂಜಿನಿಂದಲೂ ಬಿಲಿರುಬಿನ್, ಅಂದರೆ ಕಣ್ಣು ಹಳದಿ ಮಾಡುವ ವಸ್ತು, ಏರುತ್ತದೆ. ಜೊತೆಗೆ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡವಾಗುತ್ತದೆ ಅನ್ನುವ ಅಳತೆ, ಕೂಡ ಏರುತ್ತಿದೆಯಾ ನೋಡಬೇಕು. ಐದನೇ ದಿನ ಅಥವಾ ಆಮೇಲೆ ಎರಡೂ ಏರಿಯೇ ಇದ್ದರೆ ನಮಗೂ ಗಾಬರಿ. ಲಿವರ್ ಮಾಡುವ, ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳು ಕೆಲವೇ ಗಂಟೆ ಬಾಳುತ್ತವೆ, ಆದ್ದರಿಂದ ಲಿವರ್ ಇವತ್ತು ಏನು ಮಾಡುತ್ತಿದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. (ಪ್ಲಾಸ್ಮಾ, ಅಂದರೆ ಬೇರೆಯವರ ರಕ್ತದ ತಿಳಿ ಭಾಗ, ಕೊಟ್ಟಿದ್ದರೆ ಮಾತ್ರ ಆ ಸಂಖ್ಯೆ ನಂಬಬೇಡಿ.)

ಲಿವರ್ ಸೋತರೆ ತಲೆ ಮಂಕಾಗಿ ಕೈಬರಹ ಕೆಡುತ್ತದೆ, ಅದಕ್ಕೇ ಒಬ್ಬ ರೋಗಿಯಿಂದ ದಿನಾ ಬೆಳಿಗ್ಗೆ ಹೆಸರು ಬರೆಸುತ್ತಿದ್ದೆ. ಏಳನೇ ದಿನ ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರಿದವು. ಹೊಟ್ಟೆಯೊಳಗಿನ ನೀರು ಟ್ಯೂಬಿನಿಂದ ಬಂದು ಬೀಳುವ ಡ್ರೈನ್ ಬಾಟಲಿ ನೋಡಿದರೆ, ಹಿಂದಿನ ದಿನ ತೆಳು ಕೆಂಪಿದ್ದ ನೀರು ಪಾಚಿ ಬಣ್ಣಕ್ಕೆ ತಿರುಗಿತ್ತು. ಪಿತ್ತ ಸೋರಿ, ನಿಂತು, ಕೀವಾಗಿತ್ತು. ಸ್ಕ್ಯಾನ್ ನೋಡಿಕೊಂಡು ಇನ್ನೊಂದು ಟ್ಯೂಬ್ ಹಾಕಿ ಅದನ್ನೆಲ್ಲ ಹೊರಗೆ ಬಿಟ್ಟರು. ಮೂರು ದಿನಕ್ಕೆ ಅಕ್ಷರ ಸರಿಹೋಯಿತು. ಹಳದಿ ಇಳಿಯೋಕೆ ಮಾತ್ರ ಎರಡು ವಾರ ಹಿಡಿಯಿತು. ಬಿಲಿರುಬಿನ್‌ನ ಒಂದು ಪಾಲು ರಕ್ತದ ಅಲ್ಬುಮಿನ್ ಅನ್ನುವ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ, ಅದು ಅವಸರಕ್ಕೆ ಬಿಡುವ ಪೈಕಿ ಅಲ್ಲ.

ನಾಳೆ ಡಾಕ್ಟರ್ ಬಂದಾಗ 'ಎಷ್ಟು ಬೆಳೆದಿದೆ' ಅಂತ ಕೇಳಬೇಡಿ. ಸೋಂಕು ಎಲ್ಲಿದೆ, ಕೀವೋ ಪಿತ್ತವೋ ನಿಂತಿದೆಯಾ, ಕಲ್ಚರ್‌ನಲ್ಲಿ (ಯಾವ ರೋಗಾಣು ಅಂತ ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನು ಬಂತು ಅಂತ ಕೇಳಿ. ಒಳಗೆ ಕೀವು ನಿಂತಿದ್ದರೆ ಆಂಟಿಬಯಾಟಿಕ್ ಒಂದೇ ಸಾಮಾನ್ಯವಾಗಿ ಸಾಲದು. ಅಣ್ಣ ಮಂಪರಿನಲ್ಲಿದ್ದರೆ, ತಡವರಿಸಿ ಮಾತಾಡಿದರೆ, ಆಪರೇಷನ್ ಸುಸ್ತು ಅಂತ ಸುಮ್ನಿರಬೇಡಿ, ಆ ಕ್ಷಣವೇ ನರ್ಸ್‌ನ ಕರೆಯಿರಿ.