ಮಕ್ಕಳ ಜೊತೆ ಅಮೆರಿಕಾಗೆ ಹೋಗ್ತಿದೀವಿ, ಅಲ್ಲಿನ 'ಪೇರೆಂಟಲ್ ರೈಟ್ಸ್' (ಮಕ್ಕಳ ಓದಿನ ವಿಷಯದಲ್ಲಿ ಅಪ್ಪ ಅಮ್ಮನ ಹಕ್ಕು) ಗಲಾಟೆಯಿಂದ ದೂರ ಇದ್ದು ಎಲ್ಲಾ ಸ್ಕೂಲಿಗೇ ಬಿಡೋದು ಒಳ್ಳೇದಲ್ವಾ?

ಬೇಡ, ದಯವಿಟ್ಟು ಹಾಗೆ ಮಾಡ್ಬೇಡಿ. "ಅದೆಲ್ಲ ಪುಸ್ತಕ ಬ್ಯಾನ್ ಮಾಡ್ಸೋ ಕನ್ಸರ್ವೇಟಿವ್‌ಗಳ ರಾಜಕೀಯ, ಎಚ್-1ಬಿ ಕೆಲಸದ ವೀಸಾ ಮೇಲೆ ಹೋಗ್ತಿರೋ ನಮಗ್ಯಾಕೆ, ಟೀಚರ್‌ಗಳಿಗೆ ಗೊತ್ತಿರಲ್ವಾ" ಅಂತ ಬರ್ದಿದೀರಲ್ಲ, ಇದೇ ಮಾತನ್ನ ನಾನು ನಮ್ಮನೆಯವರಿಗೆ ಅದೆಷ್ಟು ಸಲ ಹೇಳಿದೀನೋ. ನಾನು ಎಚ್-4 ಮೇಲೆ, ಅಂದ್ರೆ ಎಚ್-1ಬಿ ಇರೋರ ಮನೆಯವರಿಗೆ ಕೊಡೋ ವೀಸಾ ಮೇಲೆ ಬಂದೋಳು, ಶಿವಮೊಗ್ಗ ಕಡೆಯೋಳು, ಮೇಷ್ಟ್ರಿಗೆ ಎದುರು ಮಾತಾಡಬಾರ್ದು ಅಂತ ಬೆಳೆದೋಳು. ಅದರ ಬೆಲೆ ತೆತ್ತಿದ್ದು ನನ್ನ ಮಗ.

ಅವನು ಫಸ್ಟ್ ಗ್ರೇಡಲ್ಲಿದ್ದಾಗ್ಲೇ ಓದೋದ್ರಲ್ಲಿ ಏನೋ ಸರಿಯಿಲ್ಲ ಅಂತ ನನಗೆ ಅನ್ನಿಸ್ತಿತ್ತು. ಮಾತಲ್ಲಿ ಚುರುಕು, ಲೆಕ್ಕದಲ್ಲಿ ಚುರುಕು, ಒಂದ್ಸಲ ಕಥೆ ಕೇಳಿದ್ರೆ ಚಾಚೂ ತಪ್ಪದೆ ವಾಪಸ್ ಹೇಳ್ತಿದ್ದ, ಪುಸ್ತಕ ಕೈಗೆ ಕೊಟ್ರೆ ಮಾತ್ರ ಹೊಟ್ಟೆನೋವು. ಪೇರೆಂಟ್-ಟೀಚರ್ ಮೀಟಿಂಗಲ್ಲಿ ಕೇಳ್ದೆ. ಗಂಡುಮಕ್ಕಳು ಸ್ವಲ್ಪ ನಿಧಾನ, ಕಾದು ನೋಡೋಣ ಅಂದ್ರು. ಮುಂದಿನ ಮೀಟಿಂಗಲ್ಲಿ ಮತ್ತೆ ಕೇಳ್ದೆ. "ಮನೇಲಿ ಬೇರೆ ಭಾಷೆ ಮಾತಾಡ್ತೀರಲ್ಲ, ಅದಕ್ಕೇ ಗೊಂದಲ ಆಗ್ತಿದೆ, ಕೆಲವು ದಿನ ಇಂಗ್ಲಿಷಲ್ಲೇ ಮಾತಾಡಿ ನೋಡಿ" ಅಂದ್ರು. ಒಳ್ಳೇ ಹೆಂಗಸು ಆಕೆ, ಮಕ್ಕಳು ಅಂದ್ರೆ ಪ್ರಾಣ, ನಗ್ತಾ ನಗ್ತಾ ಹೇಳಿದ್ರು, ನಾನೂ ಹೂಂ ಅಂತ ತಲೆಯಾಡಿಸಿ ಎದ್ದು ಬಂದೆ. ಅವತ್ತಿಂದ ಮನೇಲಿ ಕನ್ನಡ ನಿಂತೋಯ್ತು. ನಮ್ಮತ್ತೆ ದಿನಾ ವಾಟ್ಸಾಪ್ ವಿಡಿಯೋದಲ್ಲಿ ಸ್ಲೇಟ್ ಹಿಡ್ಕೊಂಡು ಅವನಿಗೆ ಕಾಗುಣಿತ ಹೇಳಿಕೊಡ್ತಿದ್ರು, ಅದನ್ನೂ ನಿಲ್ಸಿಬಿಡಿ ಅಂತ ನಾನೇ ಹೇಳ್ದೆ. "ಆಯ್ತಮ್ಮ, ಅಲ್ಲಿಯೋರಿಗೆ ಗೊತ್ತಿರುತ್ತೆ" ಅಂದ್ರು ಅಷ್ಟೇ.

ಆಮೇಲೆ 2020 ಬಂತು, ಸ್ಕೂಲೆಲ್ಲ ಮುಚ್ಚಿ ಕ್ಲಾಸು ನಮ್ಮ ಊಟದ ಟೇಬಲ್ ಮೇಲೆ ನಡೀತು. ಇಲ್ಲಿ ಲಕ್ಷಾಂತರ ತಂದೆತಾಯಿಗಳು ಮೊದಲನೇ ಸಲ ಕ್ಲಾಸಲ್ಲಿ ಏನ್ ನಡೀತಿದೆ ಅಂತ ಕಣ್ಣಾರೆ ನೋಡಿದ್ದು ಆಗ್ಲೇ, ಇವತ್ತಿನ ಪೇರೆಂಟಲ್ ರೈಟ್ಸ್ ಮಾತು ಇಷ್ಟು ಜೋರಾಗಿದ್ದಕ್ಕೆ ಅದೂ ಒಂದು ಕಾರಣ. ನಾನು ನೋಡಿದ್ದು ಇಷ್ಟು. ಪುಟದಲ್ಲಿ ಪುಟ್ಟ ಕುದುರೆ ಚಿತ್ರ, ಕೆಳಗೆ 'ಪೋನಿ' ಅಂತ ಬರ್ದಿದೆ, ಇವನು 'ಹಾರ್ಸ್' ಅಂದ, ಟೀಚರ್ 'ಗುಡ್ ಜಾಬ್' ಅಂದು ಮುಂದಿನ ಮಗುಗೆ ಹೋದ್ರು. ಕ್ಲಾಸ್ ಮುಗಿದ್ಮೇಲೆ ನಾನು ಚಿತ್ರದ ಮೇಲೆ ಅಂಗೈ ಮುಚ್ಚಿ, ಈಗ ಓದಪ್ಪ ಅಂದೆ. ಅಕ್ಷರದ ಮೇಲೆ ಬೆರಳಿಟ್ಕೊಂಡು ಸುಮ್ನೆ ಕೂತ. ಪಿ ಅಕ್ಷರದ ಸದ್ದೇನು ಅಂತ ಕೇಳ್ದೆ, ಅದೂ ಬರ್ಲಿಲ್ಲ. ಎರಡನೇ ಕ್ಲಾಸ್ ಮಗು! ಚಿತ್ರ ನೋಡು, ಮೊದಲಕ್ಷರ ನೋಡು, ಯಾವ ಪದ ಹೊಂದುತ್ತೆ ಅಂತ ಊಹೆ ಮಾಡು, ಇದನ್ನೇ ಅವನಿಗೆ ಓದೋದು ಅಂತ ಕಲಿಸಿದ್ರು. ತ್ರೀ-ಕ್ಯೂಯಿಂಗ್ ಅಂತಾರೆ ಇದಕ್ಕೆ. ಅಕ್ಷರಕ್ಕೂ ಸದ್ದಿಗೂ ಇರೋ ಸಂಬಂಧವನ್ನ ಕ್ರಮವಾಗಿ ಕಲಿಸಬೇಕು ಅಂತ ನ್ಯಾಷನಲ್ ರೀಡಿಂಗ್ ಪ್ಯಾನೆಲ್ 2000ದಲ್ಲೇ ವರದಿ ಕೊಟ್ಟಿತ್ತು, ಇಲ್ಲಿನ ಸಂಸತ್ತೇ ಕೇಳಿ ಮಾಡಿಸಿದ ಸಮಿತಿ ಅದು. ಇಪ್ಪತ್ತು ವರ್ಷ ಆದ್ಮೇಲೂ ನಮ್ಮ ಕ್ಲಾಸಲ್ಲಿ ಊಹೆಯೇ ನಡೀತಿತ್ತು. ಈಗೀಗ ಹಲವು ರಾಜ್ಯಗಳು ಈ ಪದ್ಧತಿ ಬೇಡ ಅಂತ ಕಾನೂನನ್ನೇ ಮಾಡಿವೆ. ನಮ್ಮತ್ತೆ ಸ್ಲೇಟ್ ಮೇಲೆ ಮಾಡ್ತಿದ್ದಿದ್ದೇ ಸರಿಯಾದ ಕೆಲಸ, ನಾನು ಅದನ್ನ ನಿಲ್ಲಿಸಿದ್ದೆ.

ಈಗ ನಾನು ಮಾಡಿದ ತಪ್ಪು ಏನು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲಿ ನಮ್ಮೋರು ಹೆಚ್ಚುಕಮ್ಮಿ ಎಲ್ಲರೂ ಮಾಡೋದು ಇದನ್ನೇ. ಕೇಳದೆ ಸುಮ್ನಿದ್ದೆ ಅಂತಲ್ಲ, ಕೇಳ್ದೆ, ಪ್ರತೀ ಮೀಟಿಂಗಲ್ಲೂ ಕೇಳ್ದೆ, ಆದ್ರೆ ಬಾಯಲ್ಲಿ ಕೇಳ್ದೆ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ ಉತ್ತರ ಬಂತು. 1975ರಿಂದ ಇಲ್ಲೊಂದು ಕಾನೂನಿದೆ, ಈಗ ಐಡಿಯಾ (IDEA) ಅಂತ ಕರೀತಾರೆ, ಕಲಿಕೆಯಲ್ಲಿ ತೊಂದರೆ ಇರೋ ಮಕ್ಕಳಿಗೆ ಸರ್ಕಾರಿ ಶಾಲೆ ಪುಕ್ಕಟೆಯಾಗಿ ಪರೀಕ್ಷೆ ಮಾಡಿಸಿ ತಕ್ಕ ಪಾಠ ಕೊಡಬೇಕು ಅನ್ನೋ ಕಾನೂನು. ಅದರ ಪ್ರಕಾರ "ನನ್ನ ಮಗುವನ್ನ ಪೂರ್ತಿ ಇವ್ಯಾಲ್ಯುಯೇಷನ್ ಮಾಡಿ" ಅಂತ ಅಪ್ಪ ಅಮ್ಮ ಕೇಳಬಹುದು. ಸ್ಕೂಲು ಆಗಲ್ಲ ಅಂದ್ರೆ ಯಾಕೆ ಆಗಲ್ಲ, ಯಾವ ಆಧಾರದ ಮೇಲೆ ಆಗಲ್ಲ ಅಂತ ಬರೆದು ಕೊಡಲೇಬೇಕು, ಅದಕ್ಕೆ ಪ್ರಯರ್ ರಿಟನ್ ನೋಟಿಸ್ ಅಂತ ಹೆಸರು. ಆಗುತ್ತೆ ಅಂದ್ರೆ ನೀವು ಒಪ್ಪಿಗೆ ಸಹಿ ಹಾಕಿದ ದಿನದಿಂದ 60 ದಿನದೊಳಗೆ ಮುಗಿಸಬೇಕು, ರಾಜ್ಯ ತನ್ನದೇ ಗಡುವು ಇಟ್ಟಿದ್ರೆ ಆ ಗಡುವು. ಅವರ ಪರೀಕ್ಷೆ ನಿಮಗೆ ಒಪ್ಪಿಗೆ ಇಲ್ದಿದ್ರೆ ಹೊರಗಿನ ತಜ್ಞರಿಂದ ಸರ್ಕಾರದ ಖರ್ಚಲ್ಲೇ ಮಾಡಿಸಿ ಅಂತ ಕೇಳಬಹುದು. ಅದಕ್ಕೂ ಮೇಲೆ, ಸ್ಪೆಷಲ್ ಎಜುಕೇಶನ್ (ಇಂಥ ಮಕ್ಕಳಿಗೆ ಕೊಡೋ ಆ ತಕ್ಕ ಪಾಠ) ಶುರು ಮಾಡಬೇಕಾದ್ರೆ ನಿಮ್ಮ ಸಹಿ ಬೇಕೇ ಬೇಕು, ನೀವು ಬೇಡ ಅಂದ್ರೆ ಅದನ್ನ ಮೀರಿ ಹೋಗೋ ಅಧಿಕಾರ ಸ್ಕೂಲಿಗಿಲ್ಲ.

ಇದೆಲ್ಲ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ. "ಮನೇಲಿ ಕನ್ನಡ ಮಾತಾಡೋದ್ರಿಂದ ಮಗುಗೆ ಓದಕ್ಕೆ ಬರ್ತಿಲ್ಲ, ಅದಕ್ಕೇ ಪರೀಕ್ಷೆ ಮಾಡಲ್ಲ" ಅಂತ ಯಾವ ಪ್ರಿನ್ಸಿಪಾಲ್ ತಾನೇ ಲೆಟರ್‌ಹೆಡ್ ಮೇಲೆ ಬರೆದು ಸಹಿ ಹಾಕಿ ಕೊಡ್ತಾರೆ? ಬರೀಬೇಕು ಅಂದ ತಕ್ಷಣ ನಾಲ್ಕು ಜನ ಕೂತು ಇದಕ್ಕೆ ಆಧಾರ ಏನು ಅಂತ ನೋಡಲೇಬೇಕಾಗುತ್ತೆ. ಬಾಯಿಮಾತಿಗೆ ಆ ಭಯ ಇಲ್ಲ. ಐದನೇ ಗ್ರೇಡಿಗೆ ಬಂದ್ಮೇಲೆ ಇನ್ನೊಬ್ಬ ಅಮ್ಮ ಹೇಳಿಕೊಟ್ಟಿದ್ದಕ್ಕೆ ನಾನು ಆ ಪತ್ರ ಬರೆದಿದ್ದು, ಅರ್ಧ ಪುಟ ಇತ್ತೋ ಇಲ್ವೋ. ವರ್ಷಗಟ್ಲೆ "ಕಾದು ನೋಡೋಣ" ಅಂದ ಸ್ಕೂಲು ಒಪ್ಪಿಗೆ ಫಾರಂ ಕಳಿಸ್ತು, ಪರೀಕ್ಷೆ ಆಯ್ತು, ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚುರುಕಿದ್ರೂ ಅಕ್ಷರ ಓದೋಕೆ ಕಷ್ಟ ಆಗೋ ತೊಂದರೆ, ಅಂತ ಬಂತು. ಈಗ ಅವನು ಸೆವೆಂತ್ ಗ್ರೇಡು, ನಿಧಾನಕ್ಕೆ ಓದ್ತಾನೆ, ಆದ್ರೆ ನಿಜವಾಗ್ಲೂ ಓದ್ತಾನೆ. "ನಾನು ದಡ್ಡ" ಅಂತ ಅವನು ತೀರ್ಮಾನ ಮಾಡ್ಕೊಂಡ ಆ ವರ್ಷಗಳನ್ನ ನನಗೆ ಯಾರೂ ವಾಪಸ್ ಕೊಡಲ್ಲ. ಟ್ಯೂಷನ್ನಿಗೆ ಸುರಿದ ದುಡ್ಡಿನ ಮಾತು ಬಿಡಿ.

ಸರ್ಕಾರಕ್ಕೆ ಮಿತಿ ಇರಬೇಕು ಅನ್ನೋ ಕನ್ಸರ್ವೇಟಿವ್ ಮಾತು ನನಗೆ ಪುಸ್ತಕ ಓದಿ ಬಂದಿದ್ದಲ್ಲ. ಟೆಕ್ಸಾಸಲ್ಲಿ ನಡೆದಿದ್ದು ನೋಡಿ. 2004ರಿಂದ ಅಲ್ಲಿನ ಶಿಕ್ಷಣ ಇಲಾಖೆ ಸ್ಪೆಷಲ್ ಎಜುಕೇಶನ್ ಮಕ್ಕಳು 8.5 ಪರ್ಸೆಂಟ್ ಮೀರದ ಹಾಗೆ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ (ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನ ನಡೆಸೋ ಆಡಳಿತ) ಒಂದು ಗುರಿ ಇಟ್ಟಿತ್ತು, ಆ ನಂಬರಿಗೆ ಹೊಂದಿಸೋಕೆ ಹೋಗಿ ಅದೆಷ್ಟೋ ಮಕ್ಕಳನ್ನ ಪರೀಕ್ಷೇನೇ ಮಾಡದೆ ವಾಪಸ್ ಕಳಿಸಿದ್ರು, 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಬಯಲಿಗೆಳೆಯೋ ತನಕ ಹೊರಗಿನೋರಿಗೆ ಗೊತ್ತೇ ಇರ್ಲಿಲ್ಲ. ಆ ಮಕ್ಕಳ ತಾಯಂದಿರೂ ನನ್ನ ಹಾಗೆ "ಕಾದು ನೋಡೋಣ" ಅನ್ನೋದನ್ನ ನಂಬಿಕೊಂಡೇ ಕೂತಿದ್ರು ಅನ್ಸುತ್ತೆ. ಯಾರೂ ಕೆಟ್ಟೋರಲ್ಲ ಅಲ್ಲಿ. ಇಲಾಖೆ ಕಣ್ಣಿಗೆ ಕಾಣೋದು ಪರ್ಸೆಂಟೇಜು, ಅಷ್ಟೇ. ಇಡೀ ಮಗು ಕಾಣೋದು ಮನೆಯೋರಿಗೆ.

ನೀವು ಕೇಳಬಹುದು, ನೀನು ಹೇಳ್ತಿರೋ ಐಡಿಯಾನೂ ಕೇಂದ್ರ ಸರ್ಕಾರದ ಕಾನೂನೇ ಅಲ್ವಾ, ಟೆಕ್ಸಾಸ್ ಮಾಡಿದ್ದು ತಪ್ಪು ಅಂತ 2018ರಲ್ಲಿ ಹೇಳಿದ್ದೂ ಕೇಂದ್ರದ ಇಲಾಖೆಯೇ ಅಲ್ವಾ ಅಂತ. ಹೌದು, ಒಪ್ತೀನಿ. ಆದ್ರೆ ಆ ಕಾನೂನಲ್ಲಿ ನನಗೆ ಕೆಲಸಕ್ಕೆ ಬಂದಿದ್ದು ಸರ್ಕಾರದ ಕೈ ಕಟ್ಟಿಹಾಕಿ ಪೆನ್ನನ್ನ ಅಪ್ಪ ಅಮ್ಮನ ಕೈಗೆ ಕೊಡೋ ಭಾಗ, ಸರ್ಕಾರಕ್ಕೆ ಮಿತಿ ಅಂದ್ರೆ ನನಗೆ ಅದೇ. ದುಡ್ಡಿನ ಭಾಗಕ್ಕೆ ಬಂದ್ರೆ, ಇಂಥ ಮಕ್ಕಳ ಓದಿಗೆ ಆಗೋ ಹೆಚ್ಚುವರಿ ಖರ್ಚಲ್ಲಿ 40 ಪರ್ಸೆಂಟ್ ತನಕ ಕೊಡ್ತೀವಿ ಅಂತ 1975ರಲ್ಲಿ ಲೆಕ್ಕ ಹೇಳಿದ ವಾಷಿಂಗ್ಟನ್ ಇವತ್ತಿನವರೆಗೂ ಅದರ ಹತ್ರಕ್ಕೂ ಬಂದಿಲ್ಲ, ಉಳಿದ ಹೊರೆ ಎಲ್ಲ ರಾಜ್ಯಗಳ ಮೇಲೆ, ನಾವು ಕಟ್ಟೋ ಪ್ರಾಪರ್ಟಿ ಟ್ಯಾಕ್ಸ್ ಮೇಲೆ.

ಇನ್ನು ಪುಸ್ತಕ ಬ್ಯಾನ್ ಅಂದ್ರಲ್ಲ, ನಿಮ್ಮ ಪ್ರಶ್ನೆಯ ಬುಡಾನೇ ಸರಿಯಿಲ್ಲ ಅಂತ ನನಗನ್ಸೋದು ಅಲ್ಲಿ. ಲೈಬ್ರರಿಯಿಂದ ಪುಸ್ತಕ ತೆಗೆಸೋ ಜಗಳ ಇಲ್ಲಿ ಇದೆ, ಇಲ್ಲ ಅನ್ನಲ್ಲ, ಅದರಲ್ಲಿ ಕೆಲವು ನನಗೂ ಅತಿ ಅನ್ಸುತ್ತೆ. ಆದ್ರೆ ಈ ಹಕ್ಕಿನ ಬೇರು ಬಹಳ ಹಳೇದು. ಮೊದಲನೇ ಮಹಾಯುದ್ಧ ಆದ್ಮೇಲೆ 1919ರಲ್ಲಿ ನೆಬ್ರಾಸ್ಕಾ ರಾಜ್ಯ ಎಂಟನೇ ಕ್ಲಾಸ್ ಪಾಸಾಗದ ಮಕ್ಕಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಬಾರ್ದು ಅಂತ ಕಾನೂನು ಮಾಡ್ತು. ರಾಬರ್ಟ್ ಮೇಯರ್ ಅನ್ನೋ ಮೇಷ್ಟ್ರು ಲೂಥರನ್ ಶಾಲೇಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್ ಹೇಳಿಕೊಟ್ಟಿದ್ದಕ್ಕೆ 25 ಡಾಲರ್ ದಂಡ ಹಾಕಿದ್ರು. 1923ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನ ಹೊಡೆದುಹಾಕ್ತು. ಎರಡು ವರ್ಷ ಬಿಟ್ಟು, ಎಲ್ಲಾ ಮಕ್ಕಳೂ ಸರ್ಕಾರಿ ಶಾಲೆಗೇ ಹೋಗಬೇಕು ಅಂದ ಒರೆಗಾನ್ ಕಾನೂನೂ ಬಿತ್ತು, ಮಗು ಬರೀ ಸರ್ಕಾರದ ಸೃಷ್ಟಿಯಲ್ಲ ಅಂತ 1925ರ ಆ ತೀರ್ಪಲ್ಲಿ ಇದೆ. ಇವತ್ತು ನಮ್ಮ ಕನ್ನಡ ಕೂಟದೋರು ವಾರಕ್ಕೊಂದಿನ ಮಕ್ಕಳನ್ನ ಕೂರಿಸಿ ಅ ಆ ಇ ಈ ಹೇಳಿಕೊಡ್ತಾರಲ್ಲ, ಅದನ್ನ ಯಾವ ಸರ್ಕಾರವೂ ತಡೆಯೋ ಹಾಗಿಲ್ಲ ಅಂತ ಕಾವಲಿಗೆ ನಿಂತಿರೋದು ಆ ಮೇಯರ್ ಕೇಸು. ಒಬ್ಬ ಟೀಚರ್ ನಗ್ತಾ ಹೇಳಿದ ಮಾತಿಗೆ ನಾನೇ ನನ್ನ ಕೈಯಾರೆ ಆ ಹಕ್ಕನ್ನ ಬಿಟ್ಟುಕೊಟ್ಟಿದ್ದೆ.

ಮೊನ್ನೆ ಮೊನ್ನೆ, 2025ರ ಜೂನಲ್ಲಿ, ಮೇರಿಲ್ಯಾಂಡಿನ ಮಾಂಟ್ಗೊಮರಿ ಕೌಂಟಿ ಕೇಸಲ್ಲಿ ಸುಪ್ರೀಂ ಕೋರ್ಟಿಗೆ ಹೋದೋರು ಮುಸ್ಲಿಮರು, ಕ್ಯಾಥೊಲಿಕ್ಕರು, ಆರ್ಥೊಡಾಕ್ಸ್ ಕ್ರೈಸ್ತರು. ಅವರು ಕೇಳಿದ್ದು ಕೆಲವು ಕಥೆಪುಸ್ತಕ ಓದೋ ಮುಂಚೆ ನಮಗೆ ತಿಳಿಸಿ, ನಮ್ಮ ಮಕ್ಕಳನ್ನ ಆ ಪಾಠದಿಂದ ಹೊರಗೆ ಬಿಡಿ ಅಂತ. ಪುಸ್ತಕ ಸುಡಿ ಅಂತಲ್ಲ. 6-3ರಲ್ಲಿ ಅವರ ಪರ ತೀರ್ಪಾಯ್ತು. ವರ್ಜೀನಿಯಾದಲ್ಲಿ 2021ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತಿದ್ದ ಡೆಮಾಕ್ರಟ್ ಅಭ್ಯರ್ಥಿ ಟೆರ್ರಿ ಮೆಕಾಲಿಫ್, ಸ್ಕೂಲಲ್ಲಿ ಏನ್ ಕಲಿಸಬೇಕು ಅಂತ ಪೇರೆಂಟ್ಸ್ ಹೇಳಬಾರ್ದು ಅನ್ನೋ ಅರ್ಥದ ಮಾತು ಡಿಬೇಟಲ್ಲಿ ಆಡಿದ್ರು, ಆ ಚುನಾವಣೆ ಸೋತ್ರು. ಸೋಲಿಗೆ ಬೇರೆ ಕಾರಣಗಳೂ ಇರಬಹುದು, ಆದ್ರೆ ಆ ಮಾತು ಕೇಳಿದಾಗ ನನ್ನ ಹೊಟ್ಟೆಯಲ್ಲಿ ಆದ ಸಂಕಟ ನನಗೆ ಗೊತ್ತು.

ಪಬ್ಲಿಕ್ಕಾ ಪ್ರೈವೇಟಾ ಹೋಮ್‌ಸ್ಕೂಲಾ ಅಂತಾನೂ ಕೇಳಿದೀರ. ಅದು ಮಗು ನೋಡಿ, ಜೇಬು ನೋಡಿ. ಹೋಮ್‌ಸ್ಕೂಲ್, ಅಂದ್ರೆ ಮನೇಲೇ ಪಾಠ ಮಾಡೋದು, 50 ರಾಜ್ಯಗಳಲ್ಲೂ ಕಾನೂನುಬದ್ಧ, ನಿಯಮ ಬೇರೆ ಬೇರೆ. ಅರಿಝೋನಾ ತರಹದ ಕಡೆ 2022ರಿಂದ ಎಲ್ಲಾ ಮಕ್ಕಳಿಗೂ ಸರ್ಕಾರದ ದುಡ್ಡು ಅಪ್ಪ ಅಮ್ಮನ ಕೈಗೆ ಅಕೌಂಟ್ ರೂಪದಲ್ಲಿ ಬರೋ ವ್ಯವಸ್ಥೆ ಇದೆ, ನನಗೆ ಅದು ಬಹಳ ಇಷ್ಟ. ಆದ್ರೆ ಒಂದು ಮಾತು ನೆನಪಿರಲಿ, ನೀವಾಗೇ ಪ್ರೈವೇಟಿಗೆ ಹಾಕಿದ್ರೆ ಐಡಿಯಾ ಕೊಡೋ ಹಕ್ಕುಗಳಲ್ಲಿ ಬಹಳಷ್ಟು ಕೈಬಿಟ್ಟು ಹೋಗುತ್ತೆ, ಇದನ್ನ ಆ ಪ್ರೈವೇಟ್ ಸ್ಕೂಲಿನೋರು ಅಡ್ಮಿಷನ್ ದಿನ ಹೇಳ್ತಾರೆ ಅಂತ ಕಾಯಬೇಡಿ.

ವೀಸಾ ಬಗ್ಗೆ ಹೆದರಬೇಡಿ. ಇವು ಮಗುವಿನ ಅಪ್ಪ ಅಮ್ಮ ಅನ್ನೋ ಕಾರಣಕ್ಕೆ ಬರೋ ಹಕ್ಕು, ಪಾಸ್‌ಪೋರ್ಟ್ ಯಾವ ಬಣ್ಣ ಅಂತ ಯಾರೂ ಕೇಳಲ್ಲ. ಸ್ಕೂಲ್ ಬೋರ್ಡಿಗೆ (ಆ ಊರಿನ ಸರ್ಕಾರಿ ಶಾಲೆಗಳನ್ನ ನೋಡ್ಕೊಳ್ಳೋ ಸಮಿತಿ) ವೋಟ್ ಹಾಕೋಕೆ ಸಾಮಾನ್ಯವಾಗಿ ಸಿಟಿಜನ್ ಆಗಿರ್ಬೇಕು ನಿಜ, ಆದ್ರೆ ಬೋರ್ಡ್ ಮೀಟಿಂಗಲ್ಲಿ ಪಬ್ಲಿಕ್ ಕಾಮೆಂಟ್ ಅಂತ ಸಮಯ ಕೊಟ್ಟಿರ್ತಾರೆ, ಹೆಸರು ಬರೆಸಿ ಎದ್ದು ಮಾತಾಡಿ, ನಾನು ಮಾತಾಡಿದೀನಿ, ಏನೂ ಆಗಲ್ಲ. ಮಗುವಿನ ಸ್ಕೂಲ್ ರೆಕಾರ್ಡ್ ಪೂರ್ತಿ ತೋರಿಸಿ ಅಂತ ಕೇಳಿ, ಫರ್ಪಾ ಅನ್ನೋ 1974ರ ಕಾನೂನಿನ ಪ್ರಕಾರ 45 ದಿನದೊಳಗೆ ತೋರಿಸಲೇಬೇಕು. ಟೀಚರ್ ಜೊತೆ ಜಗಳ ಬೇಡ, ನನ್ನ ಮಗನಿಗೆ ಕೊನೆಗೆ ಓದು ಕಲಿಸಿದೋರೂ ಅದೇ ಸರ್ಕಾರಿ ಶಾಲೆಯ ಒಬ್ಬ ಟೀಚರ್ರೇ. ಮೀಟಿಂಗ್ ಮುಗಿದ ಅವತ್ತೇ ರಾತ್ರಿ ಒಂದು ಇಮೇಲ್ ಹಾಕಿ, "ಇವತ್ತು ನಾನು ಇದನ್ನ ಕೇಳಿದೆ, ನೀವು ಹೀಗೆ ಹೇಳಿದ್ರಿ, ನಾನು ತಿಳ್ಕೊಂಡಿದ್ದು ಸರಿ ಇದೆಯಾ ಬರೆದು ತಿಳಿಸಿ" ಅಂತ. ಓದೋದ್ರಲ್ಲಿ ಅನುಮಾನ ಬಂದ್ರೆ ಪ್ರಿನ್ಸಿಪಾಲ್ ಹೆಸರಿಗೆ ತಾರೀಕು ಹಾಕಿ, ಮಗುವಿನ ಹೆಸರು ಗ್ರೇಡು ಬರ್ದು, ಐಡಿಯಾ ಪ್ರಕಾರ ಪೂರ್ತಿ ಇವ್ಯಾಲ್ಯುಯೇಷನ್ ಮಾಡಿ, ಆಗಲ್ಲ ಅಂದ್ರೆ ಪ್ರಯರ್ ರಿಟನ್ ನೋಟಿಸ್ ಕೊಡಿ ಅಂತ ಎರಡೇ ಸಾಲು ಸಾಕು, ಕಾಪಿ ಇಟ್ಕೊಳ್ಳಿ. ಬರೆಯೋಕೆ ಸಹಾಯ ಬೇಕಿದ್ರೆ ಇಲ್ಲೇ ಕೇಳಿ, ನನ್ನ ಪತ್ರದಿಂದ ಹೆಸರು ತೆಗೆದು ಹಾಕ್ತೀನಿ.