ಬಸುರಿನಲ್ಲಿ ಬಿಸಿನೀರಿನ ಸ್ನಾನ: ಎಷ್ಟು ಬಿಸಿ, ಎಷ್ಟು ಹೊತ್ತು?

ಪ್ರಶ್ನೆ: ನಾನು ಒಂಬತ್ತು ವಾರಗಳ ಗರ್ಭಿಣಿ. ಸೊಂಟನೋವಿದ್ದಾಗ ಬೆಚ್ಚಗಿನ ನೀರು ತುಂಬಿದ ಬಾತ್‌ಟಬ್‌ನಲ್ಲಿ ಕುಳಿತರೆ ಹಾಯೆನಿಸುತ್ತದೆ. ಆದರೆ ಬಿಸಿನೀರಿನಿಂದ ಗರ್ಭ ಇಳಿದುಹೋಗುತ್ತದೆ ಎಂದು ಮನೆಯವರು ಹೆದರಿಸುತ್ತಾರೆ. ಬಸುರಾಗಿರುವುದು ತಿಳಿಯುವ ಮೊದಲು ಒಂದು ದಿನ ಸಾಕಷ್ಟು ಬಿಸಿಯಾದ ನೀರಿನಲ್ಲಿ ಬಹಳ ಹೊತ್ತು ಕುಳಿತಿದ್ದೆ. ಮಗುವಿಗೆ ಏನಾದರೂ ಆಗಿರಬಹುದೇ? ಇನ್ನು ತಣ್ಣೀರೇ ಗತಿಯೇ?

ಉತ್ತರ: ತಣ್ಣೀರು ಬೇಕಿಲ್ಲ. ಬೆಚ್ಚಗಿನ ನೀರಿನ ಸ್ನಾನ ಗರ್ಭವನ್ನು ಇಳಿಸುವುದಿಲ್ಲ, ಆರೋಗ್ಯವಾಗಿರುವ ಗರ್ಭಿಣಿ ಅದನ್ನು ಬಿಡಬೇಕಾಗಿಯೂ ಇಲ್ಲ. ಹಾಗೆಂದು ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ನೀರು ಚರ್ಮಕ್ಕೆ ಬಿಸಿಯಾಗಿ ತಾಗುವುದು ಬೇರೆ, ನಿಮ್ಮ ಮೈಯ ಒಳಗಿನ ತಾಪವೇ ಏರುವುದು ಬೇರೆ. ಎಚ್ಚರ ಬೇಕಾಗಿರುವುದು ಎರಡನೆಯದಕ್ಕೆ.

ನಮ್ಮ ಮೈಯೊಳಗಿನ ತಾಪ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 39 ಡಿಗ್ರಿಯನ್ನು ದಾಟದಂತೆ ನೋಡಿಕೊಳ್ಳಬೇಕು ಎಂಬುದು ಗರ್ಭಿಣಿಯರ ವಿಷಯದಲ್ಲಿ ವೈದ್ಯರು ಇಟ್ಟುಕೊಂಡಿರುವ ಗೆರೆ. ಹೊಟ್ಟೆಯಲ್ಲಿರುವ ಮಗು ಬೆವರಲಾರದು. ತನ್ನ ಶಾಖವನ್ನು ತಾಯಿಯ ರಕ್ತಕ್ಕೆ ದಾಟಿಸಿಯೇ ಅದು ತಂಪಾಗಬೇಕು. ಹಾಗಾಗಿ ಅದರ ತಾಪ ಯಾವಾಗಲೂ ತಾಯಿಗಿಂತ ಅರ್ಧ ಡಿಗ್ರಿಯಷ್ಟು ಹೆಚ್ಚೇ ಇರುತ್ತದೆ. ತಾಯಿಯ ಮೈ ಕಾದರೆ ಮಗುವಿಗೆ ಶಾಖ ಕಳೆದುಕೊಳ್ಳುವ ದಾರಿ ಕಿರಿದಾಗುತ್ತದೆ. ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಮೊದಲ ನಾಲ್ಕು ವಾರಗಳಲ್ಲಿ. ವಿಪರೀತ ತಾಪದ ಬಗ್ಗೆ ಹೆಚ್ಚಿನ ಆತಂಕ ಇರುವುದು ಆ ಅವಧಿಯ ಕುರಿತಾಗಿಯೇ.

ಈಗ ಆ ಒಂದು ದಿನದ ಮಾತು. ಅಷ್ಟು ದಿನಗಳಿಂದ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದೀರಿ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ನರನಾಳದ ದೋಷ ಅಪರೂಪದ್ದು. ಮೊದಲ ವಾರಗಳಲ್ಲಿ ತಿಳಿಯದೆ ಬಿಸಿನೀರಿನಲ್ಲಿ ಕುಳಿತ ಬಹುಪಾಲು ತಾಯಂದಿರ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ತುಂಬಿಟ್ಟ ನೀರು ಹೊತ್ತು ಕಳೆದಂತೆ ತಾನಾಗಿ ಆರುತ್ತದೆ ಎಂಬುದೂ ನಿಮಗೆ ಅನುಕೂಲವಾಗಿಯೇ ಇದೆ. ಮುಂದಿನ ಭೇಟಿಯಲ್ಲಿ ಈ ವಿಷಯವನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ. 18ರಿಂದ 20ನೇ ವಾರದ ಸುಮಾರಿಗೆ ಮಾಡುವ ಸ್ಕ್ಯಾನ್‌ನಲ್ಲಿ ಮಗುವಿನ ಬೆನ್ನುಮೂಳೆಯನ್ನು ವಿವರವಾಗಿ ನೋಡುತ್ತಾರೆ. ಫೋಲಿಕ್ ಆಮ್ಲದ ಮಾತ್ರೆಯನ್ನು ಬಿಡಬೇಡಿ. ಸಾಮಾನ್ಯವಾಗಿ 12 ವಾರ ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು, ಕೆಲವರಿಗೆ ವೈದ್ಯರು ಹೆಚ್ಚು ಕೊಡುತ್ತಾರೆ.

ಇನ್ನು ಮುಂದಿನ ಸ್ನಾನಕ್ಕೆ ನೀರು ಮೈಯ ತಾಪದಷ್ಟೇ, ಅಂದರೆ 37 ಡಿಗ್ರಿಯ ಆಸುಪಾಸಿನಲ್ಲಿರಲಿ. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೊಣಕೈ ಅದ್ದಿ ನೋಡಿ, ಏಕೆಂದರೆ ಬಿಸಿಗೆ ಒಗ್ಗಿಹೋಗಿರುವ ಅಂಗೈಯನ್ನು ನಂಬುವಂತಿಲ್ಲ. ಇಳಿದಾಗ ಚರ್ಮ ಕೆಂಪಾದರೆ ಅಥವಾ ಮುಖದಲ್ಲಿ ಬೆವರು ಮೂಡಿದರೆ ಆ ನೀರು ನಿಮಗೆ ಹೆಚ್ಚು ಬಿಸಿ. ಹತ್ತು ಹದಿನೈದು ನಿಮಿಷ ಸಾಕು. ಭುಜ, ತೋಳುಗಳು ನೀರಿನಿಂದ ಹೊರಗಿದ್ದರೆ ಶಾಖ ಹೊರಹೋಗಲು ದಾರಿ ಇರುತ್ತದೆ. ನೀರು ಆರಿತೆಂದು ಮತ್ತೆ ಮತ್ತೆ ಬಿಸಿನೀರು ಬೆರೆಸಬೇಡಿ. ಯಂತ್ರದಿಂದ ಸದಾ 40 ಡಿಗ್ರಿಯಷ್ಟು ಬಿಸಿ ಇರಿಸುವ ಹಾಟ್ ಟಬ್ ಬಸುರಿನಲ್ಲಿ ಬೇಡವೇ ಬೇಡ, ಅದರ ನೀರು ಆರುವುದೇ ಇಲ್ಲ. ಷವರ್ ಅಥವಾ ಮೈಮೇಲೆ ಸುರಿದುಕೊಳ್ಳುವ ಸ್ನಾನದ ಬಗ್ಗೆ ಇಷ್ಟು ಯೋಚಿಸಬೇಕಾಗಿಲ್ಲ. ಮೈ ಮುಳುಗಿರುವುದಿಲ್ಲವಾದ್ದರಿಂದ ಬೆವರು ಆರಿ ಮೈ ತಂಪಾಗುತ್ತಲೇ ಇರುತ್ತದೆ. ಜ್ವರವಿದ್ದ ದಿನ ಮಾತ್ರ ತೊಟ್ಟಿಯ ಸ್ನಾನ ಬಿಟ್ಟುಬಿಡಿ.

ನನ್ನನ್ನು ಕೇಳಿದರೆ, ತಾಪಕ್ಕಿಂತ ಜಾರಿ ಬೀಳುವುದೇ ದೊಡ್ಡ ಭಯ. ಬಿಸಿಗೆ ರಕ್ತನಾಳಗಳು ಹಿಗ್ಗುತ್ತವೆ, ಬಸುರಿನಲ್ಲಿ ಮೊದಲೇ ತಗ್ಗಿರುವ ರಕ್ತದೊತ್ತಡ ಇನ್ನಷ್ಟು ಇಳಿಯುತ್ತದೆ, ಥಟ್ಟನೆ ಎದ್ದರೆ ಕಣ್ಣು ಕತ್ತಲಿಡುತ್ತದೆ. ಹೊಟ್ಟೆ ಬೆಳೆದಂತೆ ದೇಹದ ಸಮತೋಲವೂ ಬದಲಾಗಿರುತ್ತದೆ. ಜಾರದ ಚಾಪೆ ಹಾಸಿ, ಹಿಡಿಯಲು ಗಟ್ಟಿ ಆಸರೆ ಇರಲಿ. ಏಳುವ ಮೊದಲು ಟಬ್‌ನ ನೀರನ್ನು ಹೊರಬಿಟ್ಟು, ಸ್ವಲ್ಪ ಹೊತ್ತು ಕುಳಿತೇ ಇದ್ದು ನಿಧಾನವಾಗಿ ಏಳಿ. ಬಾಗಿಲಿಗೆ ಚಿಲಕ ಹಾಕಬೇಡಿ, ಕೂಗಿದರೆ ಕೇಳುವಷ್ಟು ಹತ್ತಿರ ಒಬ್ಬರಿರಲಿ. ತಲೆ ಸುತ್ತಿದರೆ, ಎದೆ ಬಡಿತ ಜೋರಾದರೆ, ವಾಕರಿಕೆ ಬಂದರೆ ಅಂದಿನ ಸ್ನಾನ ಅಲ್ಲಿಗೆ ಮುಗಿಯಿತು. ಬಿದ್ದು ಹೊಟ್ಟೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ವೈದ್ಯರನ್ನು ಕಾಣಿ.

ನೊರೆ ಬರಿಸುವ, ಘಮಘಮಿಸುವ ದ್ರವಗಳನ್ನು ನೀರಿಗೆ ಬೆರೆಸದಿರುವುದು ಒಳ್ಳೆಯದು. ಅವು ಯೋನಿಯ ಸುತ್ತಲಿನ ಸೂಕ್ಷ್ಮ ಚರ್ಮವನ್ನು ಕೆರಳಿಸುತ್ತವೆ. ಮುಂದಿನ ತಿಂಗಳುಗಳಲ್ಲಿ ಅಂಗೈ ಅಂಗಾಲು ವಿಪರೀತ ತುರಿಸತೊಡಗಿದರೆ ಸ್ನಾನದಲ್ಲಿ ಪರಿಹಾರ ಹುಡುಕಬೇಡಿ. ಅದು ಯಕೃತ್ತಿನ ತೊಂದರೆಯ ಸೂಚನೆಯಾಗಿರಬಹುದು, ರಕ್ತಪರೀಕ್ಷೆ ಬೇಕು.

ಪ್ರಶ್ನೆ: ನನಗೆ ಎಂಟು ತಿಂಗಳು ತುಂಬಿದೆ. ಟಬ್‌ನಲ್ಲಿ ಕುಳಿತರೆ ನೀರು ಒಳಗೆ ಹೋಗಿ ಮಗುವಿಗೆ ಸೋಂಕು ತಗಲುತ್ತದೆಯೇ?

ಉತ್ತರ: ಇಲ್ಲ. ಗರ್ಭಕಂಠದಲ್ಲಿ ಗಟ್ಟಿ ಲೋಳೆಯ ತಡೆ ಇದೆ, ಮಗುವಿನ ಸುತ್ತ ನೀರಿನ ಚೀಲವಿದೆ. ಆ ಚೀಲ ಒಡೆದಿದೆ ಎನಿಸಿದರೆ ಅಥವಾ ರಕ್ತ ಕಂಡರೆ ಮಾತ್ರ ಸ್ನಾನಕ್ಕೆ ಇಳಿಯದೆ ನೇರ ಆಸ್ಪತ್ರೆಗೆ ಹೋಗಿ. ಈ ತಿಂಗಳಲ್ಲಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಟಬ್‌ನಲ್ಲೂ ಎಡಕ್ಕೆ ವಾಲಿ ಕುಳಿತುಕೊಳ್ಳಿ. ಹೆರಿಗೆ ನೋವಿನ ಮೊದಲ ಹಂತದಲ್ಲಿ ಬೆಚ್ಚಗಿನ ನೀರು ಅನೇಕರಿಗೆ ನೋವನ್ನು ಹಗುರ ಮಾಡುತ್ತದೆ. ನಿಮ್ಮ ಹೆರಿಗೆಯ ಆಸ್ಪತ್ರೆಯಲ್ಲಿ ಆ ಅನುಕೂಲ ಇದೆಯೇ ಎಂದು ಈಗಲೇ ವಿಚಾರಿಸಿಡಿ. ಅಲ್ಲಿಯೂ ನೀರು 37.5 ಡಿಗ್ರಿ ಮೀರದಂತೆ ನೋಡಿಕೊಳ್ಳುವುದು ರೂಢಿ.