ಆ ಫೋನ್‌ನಿಂದ ಶುರು ಮಾಡಿ

ನಮಸ್ಕಾರ,

ಬ್ರಿಟನ್ನಿನ ಮೂರು ಪಡೆಗಳ ಜಂಟಿ ಕಾರ್ಯಾಚರಣೆ ಕೇಂದ್ರದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ತುಂಬಾ ಓದಿಕೊಂಡಿದ್ದೀರಿ, ಅನುಮಾನವಿಲ್ಲ. ಆದರೆ ಓದಿದ್ದನ್ನೆಲ್ಲ ತಂದು ಸುರಿದಿದ್ದೀರಿ.

ಮೊದಲ ಸಾಲೇ ನೋಡಿ: "ಸಶಸ್ತ್ರ ಪಡೆಗಳ ಸಮಗ್ರ ಸಮನ್ವಯ ಸಾಧಿಸುವ ನಿಟ್ಟಿನಲ್ಲಿ ಸದರಿ ಕೇಂದ್ರವು ಮಹತ್ತರ ಪಾತ್ರ ವಹಿಸುತ್ತದೆ." ಮನೆಯಲ್ಲಿ ಯಾರಿಗಾದರೂ ಇದನ್ನು ಓದಿ ಹೇಳಿ. "ಹಾಗಂದ್ರೆ?" ಅಂತ ಅವರು ಕೇಳದಿದ್ದರೆ ನನ್ನ ಮಾತು ವಾಪಸ್. ಸಮನ್ವಯ ಅನ್ನುವ ಪದ ಹದಿನಾಲ್ಕು ಸಲ ಬಂದಿದೆ. ಅದು ಇಲ್ಲದಿದ್ದಾಗ ಏನು ಕೆಟ್ಟಿತು ಅನ್ನುವುದು ಒಂದು ಸಲವೂ ಇಲ್ಲ.

ಮೂರನೇ ಪುಟದಲ್ಲಿ "1982ರ ಫಾಕ್‌ಲ್ಯಾಂಡ್ಸ್ ಯುದ್ಧದ ಅನುಭವವೂ ಕಾರಣ" ಅಂದು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಕಥೆ ಇರುವುದೇ ಅಲ್ಲಿ! ದಕ್ಷಿಣ ಅಟ್ಲಾಂಟಿಕ್‌ನ ಆ ದ್ವೀಪಗಳಿಗಾಗಿ ಬ್ರಿಟನ್ ಅರ್ಜೆಂಟೀನಾ ಜೊತೆ ಮಾಡಿದ ಯುದ್ಧ ಅದು. ಇಡೀ ಕಾರ್ಯಾಚರಣೆಯ ಹೊಣೆ ಹೊತ್ತ ಅಡ್ಮಿರಲ್ ಫೀಲ್ಡ್‌ಹೌಸ್ ಲಂಡನ್ ಹತ್ತಿರದ ನಾರ್ತ್‌ವುಡ್‌ನಲ್ಲಿ ಕೂತಿದ್ದರು. ಯುದ್ಧ ನಡೆದದ್ದು ಸುಮಾರು 13,000 ಕಿ.ಮೀ. ಆಚೆ. ಅಲ್ಲಿ ಮೂವರು: ವಿಮಾನವಾಹಕ ಹಡಗುಗಳ ಗುಂಪಿಗೆ ವುಡ್‌ವರ್ಡ್, ಸೈನಿಕರನ್ನು ದಡಕ್ಕಿಳಿಸುವ ಹಡಗುಗಳಿಗೆ ಕ್ಲ್ಯಾಪ್, ದಡಕ್ಕಿಳಿಯುವ ಬ್ರಿಗೇಡಿಗೆ ಥಾಂಪ್ಸನ್. ಮೂವರೂ ನೇರವಾಗಿ ಫೀಲ್ಡ್‌ಹೌಸ್‌ಗೇ ಉತ್ತರ ಹೇಳಬೇಕು. ಆ ಮೂವರಲ್ಲಿ ಯಾರ ಮಾತು ಮೇಲು? ಅದೇ ಸರಿಯಾಗಿ ಗೊತ್ತಿರಲಿಲ್ಲ. ನೆಲದ ಪಡೆಗಳ ಹೊಣೆ ಹೊತ್ತ ಜನರಲ್ ಮೂರ್ ಹಡಗಿನಲ್ಲಿ ಬರುತ್ತಿದ್ದರು. ಹಡಗಿನ ಉಪಗ್ರಹ ಸಂಪರ್ಕ ಕೈಕೊಟ್ಟಿತು. ಮೇ 21ರಂದು ಸೈನಿಕರು ದ್ವೀಪದ ಸ್ಯಾನ್ ಕಾರ್ಲೋಸ್‌ನಲ್ಲಿ ಇಳಿದಾಗಲೂ ಮೂರ್ ಇನ್ನೂ ಸಮುದ್ರದ ಮೇಲೇ. ಅರ್ಜೆಂಟೀನಾ ಪಡೆ ಇದ್ದ ಗೂಸ್ ಗ್ರೀನ್ ಊರಿನ ಮೇಲಿನ ದಾಳಿ ಈಗ ಬೇಡ ಅಂತ ಥಾಂಪ್ಸನ್ ಕೈಬಿಟ್ಟಿದ್ದರು. ಅವರನ್ನು ಏಜಾಕ್ಸ್ ಬೇಯಲ್ಲಿದ್ದ ಉಪಗ್ರಹ ಫೋನ್‌ಗೆ ಕರೆಸಿ, ಹೋಗಲೇಬೇಕು ಅಂತ ನಾರ್ತ್‌ವುಡ್ ಹೇಳಿತು.

ಆ ಫೋನ್‌ನಿಂದ ಶುರು ಮಾಡಿ. ದೂರದ ಕಚೇರಿ ಎಲ್ಲಿವರೆಗೆ ಹೇಳಬೇಕು, ಎಲ್ಲಿ ಸುಮ್ನಿರಬೇಕು ಅನ್ನುವ ಜಗಳ ಓದುಗನಿಗೆ ತಾನಾಗಿ ತಿಳಿಯುತ್ತದೆ.

1991ರ ಕೊಲ್ಲಿ ಯುದ್ಧಕ್ಕೆ ಇನ್ನೊಂದು ಕಡೆ, ಹೈ ವಿಕಂಬ್‌ನಲ್ಲಿ, ವಾಯುಪಡೆಯ ಅಧಿಕಾರಿಯ ಕೈಕೆಳಗೆ ಕೇಂದ್ರ ನಡೆಸಿದರು. ಪ್ರತಿ ಯುದ್ಧಕ್ಕೂ ಹೊಸದಾಗಿ ಒಲೆ ಹೂಡುವುದು ಸಾಕಾಗಿ, 1996ರ ಏಪ್ರಿಲ್ 1ರಂದು ನಾರ್ತ್‌ವುಡ್‌ನಲ್ಲೇ ಕಾಯಂ ಕೇಂದ್ರ ತೆರೆದರು. ಇದಕ್ಕೆ ಎರಡು ಸಾಲು ಸಾಕು.

ಒಂದು ತಪ್ಪೂ ಇದೆ. ಮೂರು ಪಡೆಗಳ ಮುಖ್ಯಸ್ಥರು ಒಟ್ಟಿಗೆ ಕೂತು ಇಲ್ಲಿಂದ ಯುದ್ಧ ನಡೆಸುತ್ತಾರೆ ಅಂದಿದ್ದೀರಿ. ಹಾಗಲ್ಲ. ಏನಾಗಬೇಕು ಅಂತ ಹೇಳುವುದು ಸರ್ಕಾರ. ಅದನ್ನು ಯೋಜನೆ ಮಾಡಿ ನಡೆಸುವುದು ನಾರ್ತ್‌ವುಡ್‌ನ ಜಂಟಿ ಕಾರ್ಯಾಚರಣೆ ಮುಖ್ಯಸ್ಥರು. ಜನ, ಹಡಗು, ವಿಮಾನ ಸಜ್ಜು ಮಾಡಿ ಕೊಡುವುದು ಆಯಾ ಪಡೆಯ ಕೆಲಸ. ಈ ಗೆರೆ ಎಳೆಯುವುದಕ್ಕೇ ಕೇಂದ್ರ ಮಾಡಿದ್ದು. ಅದೇ ತಪ್ಪಿದರೆ ಲೇಖನದಲ್ಲಿ ಇನ್ನೇನು ಉಳಿಯಿತು, ಅಲ್ವಾ?

ಕುರುಕ್ಷೇತ್ರದ ಪ್ಯಾರಾ ತೆಗೆಯಿರಿ. ಬೇಕೇಬೇಕು ಅಂದರೆ ಚಕ್ರವ್ಯೂಹ ಬಿಟ್ಟು ಕರ್ಣನನ್ನು ತನ್ನಿ. ಭೀಷ್ಮ ಸೇನಾಪತಿಯಾಗಿರುವವರೆಗೂ ನಾನು ಕಣಕ್ಕೆ ಇಳಿಯಲ್ಲ ಅಂತ ಹತ್ತು ದಿನ ಬಿಡಾರದಲ್ಲೇ ಕೂತವನು ಅವನು. ನಿಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರದ್ದು ಸಿಗುವುದಿಲ್ಲ.

ಕೊನೆಯಲ್ಲಿ ನಮ್ಮ ಅಂಡಮಾನ್ ನಿಕೋಬಾರ್ ಕಮಾಂಡ್ ತುರುಕಿದ್ದೀರಿ. 2001ರಲ್ಲಿ ಶುರುವಾದ, ಮೂರೂ ಪಡೆಗಳು ಒಬ್ಬರ ಕೈಕೆಳಗಿರುವ ಆ ಕಮಾಂಡ್‌ಗೆ ಬೇರೆಯೇ ಲೇಖನ ಬೇಕು. ಅದನ್ನು ಆಮೇಲೆ ಬರೆಯಿರಿ. ಈಗ ಇದನ್ನು 900 ಪದಕ್ಕೆ ಇಳಿಸಿ, ಮುಂದಿನ ತಿಂಗಳೊಳಗೆ ಕಳಿಸಿ.